ಕಾರಿನ್ ಕಟ್ಟಿದ ಗೋಡೆ

ಸೇವಾ ಸಂಸ್ಥೆಯೊಂದರ ಮೂಲಕ ಡೆನ್ಮಾರ್ಕಿನ ಹನ್ನೆರಡು ವಿದ್ಯಾರ್ಥಿಗಳು ತನಗೆ ಮನೆ ಕಟ್ಟಿಕೊಡಲು ಬನವಾಸಿಗೆ ಬಂದಾಗ ಸಿದ್ದವ್ವನಿಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. ಪುಕ್ಕಟೆ ಮನೆ ಯಾರು ಕೊಡುತ್ತಾರೆ? ಜಾಗದ ಪತ್ರವನ್ನು ಸೆರಗಿಗೆ ಗಂಟು ಹಾಕಿಕೊಂಡೇ ಓಡಾಡಿದಳು.

ಮೂರನೆಯ ಸಂಜೆ ಅವರ ವ್ಯಾನು ಹೊರಟದ್ದೇ ತಡ, ವಿದ್ಯಾರ್ಥಿಗಳು ಕಟ್ಟಿದ್ದ ಗೋಡೆಯನ್ನು ಅವರ ಜೊತೆ ಕೆಲಸಕ್ಕಿದ್ದ ಗೌಂಡಿ ಬಸಪ್ಪ ಕೆಡವತೊಡಗಿದ. ಸಿದ್ದವ್ವ ಅವನ ಕೈ ಹಿಡಿದಳು.

"ಏನೈತಿ ನಿಮ್ಮ ಆಟ?"

"ಆಟ ಏನಿಲ್ಲಬೇ. ಅವರಿಗೆ ಇಟ್ಟಿಗಿ ಇಡಾಕ ಬರೂದಿಲ್ಲ, ಗ್ವಾಡಿ ಸೊಟ್ಟ ಆಗತೈತಿ. ದಿನಾ ಸಂಜಿಮುಂದ ತಗದು ನಾನ ಕಟ್ಟತೀನಿ. ಅವರಿಗೆ ಹೇಳಬ್ಯಾಡ."

ಇಪ್ಪತ್ತು ವರ್ಷ ಗೌಂಡಿಗಳ ಕೈಕೆಳಗೆ ದುಡಿದಿದ್ದ ಸಿದ್ದವ್ವನಿಗೆ ಅನುಮಾನ ಇನ್ನೂ ಬಲಿಯಿತು. ಕೆಲಸವೇ ಬಾರದವರು ಇಷ್ಟು ದೂರ ಯಾಕೆ ಬಂದರು? ಮರುದಿನ ದುಭಾಷಿ ಜ್ಯೋತಿಯನ್ನು ಕರೆದುಕೊಂಡು ಹೋಗಿ, ಆ ವಿದ್ಯಾರ್ಥಿಗಳಲ್ಲಿ ಕಾರಿನ್ ಎಂಬ ಹುಡುಗಿಯನ್ನು ಅದನ್ನೇ ಕೇಳಿದಳು. ಹುಡುಗಿಯ ಮುಖ ಕೆಂಪಾಯಿತು.

"ಕೈಯಿಂದ ಒಂದಾದರೂ ಉಪಯೋಗದ ಕೆಲಸ ಮಾಡೂಣಂತ ಬಂದಾಳಂತ," ಎಂದಳು ಜ್ಯೋತಿ. "ಸೊಟ್ಟ ಗೋಡಿ ಮುಂಜಾನೆ ನೆಟ್ಟಗಾಗಿರೂದನ್ನ ಆಕಿನೂ ನೋಡ್ಯಾಳಂತ. ಕೇಳಾಕ ನಾಚಿಕಿ ಬಂತಂತ."

ಸಿದ್ದವ್ವ ಕಾರಿನ್‌ಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಗೋಡೆಯುದ್ದಕ್ಕೂ ದಾರ ಬಿಗಿದು, ಗಾರೆ ಹಚ್ಚುವ ಕರಣಿಯನ್ನು ಅವಳ ಕೈಗೆ ಕೊಟ್ಟಳು.

"ದಾರ ನೋಡಿ ಇಡವಾ. ಗಡಿಬಿಡಿ ಮಾಡಬ್ಯಾಡ."

ಒಂದು ಸಾಲು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಂಜೆ ಬಸಪ್ಪ ಆ ಸಾಲನ್ನು ಕೆಡವಲಿಲ್ಲ.