ದಿನಕ್ಕೊಂದಿಂಚು

ನನ್ನ ಗಂಡ ಸರ್ವೇಯರ್. ಜಮೀನಿನ ಗಡಿ ಅಳೆದು ಕಲ್ಲು ನೆಡಿಸುವುದು ಅವರ ಕೆಲಸ. ಅಣ್ಣತಮ್ಮಂದಿರು ಹೊಡೆದಾಡುವಾಗ ನಡುವೆ ನಿಂತು "ಗೆರೆ ಅಂದ್ರೆ ಗೆರೆ" ಎಂದು ಹೇಳಿ ಬಂದವರು, ಮನೆಗೆ ಬಂದ ಮೇಲೂ ಅದನ್ನೇ ಹೇಳುತ್ತಾರೆ. ನಾನು ಟೈಲರ್. ಗೆರೆಯನ್ನು ಬಿಚ್ಚಿ ಇನ್ನೊಂದು ಕಡೆ ಹೊಲಿಯುವುದು ನನ್ನ ಕೆಲಸ. ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಈ ವ್ಯತ್ಯಾಸ ಇವರ ತಲೆಗೆ ಹೋಗಿರಲಿಲ್ಲ.

ಜಗಳ ಹುಟ್ಟಿದ್ದು ಜಾಗಕ್ಕೆ. ನನ್ನ ಅಂಗಡಿಯ ಕಟ್ಟಡ ಕೆಡವುತ್ತೇವೆ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಮಾಲೀಕ ಬಂದು ಹೇಳಿದ. ಹೊಲಿಗೆ ಯಂತ್ರವೇನೋ ಯಾವ ಮೂಲೆಯಲ್ಲಾದರೂ ಕೂರುತ್ತದೆ. ಬಟ್ಟೆ ಕತ್ತರಿಸುವ ಮೇಜು ಕೂರಬೇಕಲ್ಲ! ಮೂರಡಿ ಅಗಲ, ಆರಡಿ ಉದ್ದ. ಆಸ್ಪತ್ರೆಯ ನರ್ಸುಗಳಿಗೆ ನಲವತ್ತು ಜೊತೆ ಸಮವಸ್ತ್ರ ಹೊಲಿದುಕೊಡಲು ಬೇರೆ ಒಪ್ಪಿಕೊಂಡಿದ್ದೆ. ಮೇಜಿಗೆ ಜಾಗ ಸಿಗದಿದ್ದರೆ ಆ ಕೆಲಸ ಹೋಗುತ್ತದೆ, ಅದರ ಹಿಂದೆಯೇ ಹದಿನೆಂಟು ವರ್ಷದ ಗಿರಾಕಿಗಳೂ ಹೋಗುತ್ತಾರೆ. ಮನೆಯಲ್ಲಿ ಉಳಿದಿದ್ದ ಒಂದೇ ಜಾಗ ಗ್ಯಾರೇಜು. ಅದರ ನಟ್ಟನಡುವೆ ಇವರ ಹಳೇ ಮೋಟಾರ್ ಸೈಕಲ್ಲು ಸೈಡ್ ಸ್ಟ್ಯಾಂಡಿನ ಮೇಲೆ ಸೊಂಟ ವಾರೆ ಮಾಡಿಕೊಂಡು ನಿಂತಿತ್ತು.

ಸೊಂಟ ಅಂದೆನಲ್ಲ, ಇವರದ್ದೂ ಹಿಡಿದುಕೊಂಡಿತ್ತು. ಹಿಂದಿನ ವಾರ ಅದೇ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಲು ಹೋಗಿ, ಕಾಲಿನಿಂದ ತುಳಿಯುವ ಬದಲು ಎರಡೂ ಕೈಯಿಂದ ಎಳೆದಿದ್ದರು. ಟಕ್ ಎಂದು ಸದ್ದು ಬಂತು, ಸ್ಟ್ಯಾಂಡಿನದಲ್ಲ. ಒಂದು ತಿಂಗಳು ಬಗ್ಗಬಾರದು, ಗಾಡಿ ಹತ್ತಬಾರದು ಎಂದು ಡಾಕ್ಟರು ಸೊಂಟಕ್ಕೆ ಪಟ್ಟಿ ಕಟ್ಟಿ ಕಳಿಸಿದರು.

"ರೀ, ಹೇಗೂ ಓಡಿಸಲ್ಲ, ಗಾಡೀನ ಸ್ವಲ್ಪ ಗೋಡೆ ಕಡೆ ಸರಿಸೋಣ" ಎಂದೆ.

"ಮುಟ್ಟಿದ್ರೆ ನೋಡು! ಸುತ್ತ ಕೂತು ರಿಪೇರಿ ಮಾಡೋಕೆ ಜಾಗ ಬೇಕು ಅದಕ್ಕೆ."

"ಬಗ್ಗೋಕೇ ಆಗದವರು ಕೂತು ಏನು ಕಿಸೀತೀರಾ?"

ಅಷ್ಟೇ, ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಕೋಲಿನ ತುದಿಗೆ ಚಾಕ್ ಕಟ್ಟಿಕೊಂಡು ಬಂದು, ನಿಂತುಕೊಂಡೇ, ಗಾಡಿಯಿಂದ ಒಂದಡಿ ಬಿಟ್ಟು ನೆಲದ ಉದ್ದಕ್ಕೂ ಗೆರೆ ಎಳೆದರು. ಒಪ್ಪಬೇಕು, ದಾರ ಹಿಡಿದ ಹಾಗಿತ್ತು ಗೆರೆ.

"ಆಚೆ ನಂದು, ಈಚೆ ನಿಂದು. ದಾಟಿದ್ರೆ ಮೇಜು ಬೀದಿಗೆ."

"ಗೆರೆ ಈಚೆ ಇರೋದೆಲ್ಲಾ ನಂದಾ? ಆಮೇಲೆ ಮಾತು ಬದಲಾಯಿಸಬಾರದು."

"ಗೆರೆ ಅಂದ್ರೆ ಗೆರೆ. ಅಮ್ಮನೇ ಸಾಕ್ಷಿ."

ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಅತ್ತೆ, "ಆಗಲಪ್ಪ" ಎಂದು ಇನ್ನೊಂದು ಕಾಯಿ ತೆಗೆದುಕೊಂಡರು. ಇವರು ಹೋದ ಮೇಲೆ ನಾನು ಟೇಪು ಹಿಡಿದೆ. ಈಚೆ ಇದ್ದದ್ದು ಮೂವತ್ತನಾಲ್ಕು ಇಂಚು. ಮೇಜಿಗೂ, ಅದರ ಪಕ್ಕ ನಾನು ನಿಲ್ಲುವುದಕ್ಕೂ ಬೇಕಾದದ್ದು ಐವತ್ತನಾಲ್ಕು. ಇಪ್ಪತ್ತು ಇಂಚು ಕಡಿಮೆ, ಇಪ್ಪತ್ತೆರಡು ದಿನ ಬಾಕಿ. ಲೆಕ್ಕ ತಾನಾಗಿಯೇ ಬಾಯಿಬಿಟ್ಟು ಮಾತಾಡಿತು.

ಮರುದಿನ ಗಾಡಿ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಕೆಂಪು ಬಣ್ಣ ಬಳಿದ, ಮುಂದಿನ ಚಕ್ರ ಎತ್ತುವ ಸ್ಟ್ಯಾಂಡೊಂದನ್ನು ಮುಂದಿಟ್ಟ.

"ತಗೊಳ್ಳಿ ಅಕ್ಕಾ, ಎಲ್ರೂ ಇದನ್ನೇ ಒಯ್ತಾರೆ."

"ಎಲ್ರೂ ಒಯ್ಯೋದು ನನಗೆ ಬೇಡಪ್ಪ. ಗಾಡಿ ನೆಟ್ಟಗೆ ನಿಲ್ಲಬೇಕು. ನನ್ನಂಥವಳು ಎತ್ತೋ ಹಾಗಿರಬೇಕು. ಪಕ್ಕಕ್ಕೂ ಸರೀಬೇಕು" ಎಂದು ಚೀಲದಿಂದ ಚೀಟಿ ತೆಗೆದೆ. ಗಾಡಿಯ ತೂಕ, ಹಿಂದಿನ ಚಕ್ರದ ಅಚ್ಚು ನೆಲದಿಂದ ಎಷ್ಟೆತ್ತರ, ಚಕ್ರ ಹಿಡಿದ ಎರಡು ತೋಳುಗಳ ನಡುವೆ ಎಷ್ಟಗಲ, ಎಲ್ಲ ಬರೆದುಕೊಂಡಿದ್ದೆ. ಅಳತೆ ಇಲ್ಲದೆ ನಾನು ರವಿಕೆಯನ್ನೂ ಕತ್ತರಿಸುವುದಿಲ್ಲ.

ಚೀಟಿ ಓದಿದವನೇ ಕೆಂಪು ಸ್ಟ್ಯಾಂಡನ್ನು ಸದ್ದಿಲ್ಲದೆ ಒಳಗಿಟ್ಟ. ಹಿಂದಿನ ಚಕ್ರವನ್ನು ಎತ್ತುವ ಸ್ಟ್ಯಾಂಡು ತಂದ. ಉದ್ದನೆಯ ಹಿಡಿ, ರಬ್ಬರು ಕೂರಿಸಿದ ಎರಡು ಕೊಂಬು, ಕೆಳಗೆ ಎತ್ತ ಬೇಕಾದರೂ ತಿರುಗುವ ಪುಟ್ಟ ಗಾಲಿಗಳು. ಮುಂದಿನ ಚಕ್ರಕ್ಕೆ ಗಾಲಿ ಇರುವ ಒಂದು ಕಬ್ಬಿಣದ ತಟ್ಟೆ.

"ನೆಲ ಮಟ್ಟಸ ಇರ್ಬೇಕು ಅಕ್ಕಾ. ಒಬ್ರು ಹ್ಯಾಂಡಲ್ ಹಿಡ್ಕೊಂಡು ಗಾಡಿ ನೆಟ್ಟಗೆ ಮಾಡ್ಬೇಕು. ಮೊದಲು ಹಿಂದಿಂದು, ಆಮೇಲೆ ಮುಂದಿಂದು. ಉಲ್ಟಾ ಮಾಡಿದ್ರೆ ಗಾಡಿ ಮೈಮೇಲೆ ಬೀಳುತ್ತೆ. ಸರಿಸಿದ ಮೇಲೆ ಗಾಲಿಗೆ ಲಾಕ್ ಹಾಕಿ. ಮತ್ತೆ ಹಿಡೀನ ಎಳೀಬೇಡಿ, ತುಳೀರಿ."

"ಗೊತ್ತಾಯ್ತು. ರವಿಕೆ ಹೊಲಿಯೋ ಹಾಗೆ, ಮೊದಲು ಭುಜ, ಆಮೇಲೆ ತೋಳು" ಎಂದೆ. ಅವನಿಗೆ ಗೊತ್ತಾಗಲಿಲ್ಲ.

ಹ್ಯಾಂಡಲ್ ಹಿಡಿಯಲು ಅತ್ತೆಯನ್ನು ಕರೆದೆ. "ಸಾಕ್ಷಿಯವರು ಕೈ ಹಾಕಬಾರದು ಅಂತ ಕಾನೂನಿದೆಯಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಸರಿ. ಮಗ ನಂದೇ, ಹಠ ಮಾತ್ರ ಅವರಪ್ಪಂದು" ಎಂದು ಹಿಡಿದರು. ಕೊಂಬು ಎರಡೂ ಕಡೆ ಸರಿಯಾಗಿ ಕೂತಿದೆಯೇ ನೋಡಿ, ಉಸಿರು ಬಿಗಿಹಿಡಿದು ತುಳಿದೆ. ನಲವತ್ತೆಂಟು ಕಿಲೋದ ನನ್ನ ಕಾಲಡಿಯಲ್ಲಿ ಆ ದೈತ್ಯ ಮೇಲೆದ್ದು, ಹಿಂದಿನ ಚಕ್ರ ಗಾಳಿಯಲ್ಲಿ ನಿಂತಿತು. ಅಯ್ಯೋ, ಎಷ್ಟು ಖುಷಿಯಾಯಿತು ಅಂತೀರಿ! ಸೈಡ್ ಸ್ಟ್ಯಾಂಡ್ ಮಡಚಿ, ಮುಂದಿನ ಚಕ್ರವನ್ನು ತಟ್ಟೆಗೆ ಹತ್ತಿಸಿ, ಗೋಡೆಯ ಕಡೆ ಒಂದೇ ಒಂದಿಂಚು ಸರಿಸಿ ಲಾಕ್ ಹಾಕಿದೆವು. ಇವರ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ನನ್ನ ಚಾಕಿನಲ್ಲಿ ಒಂದಿಂಚು ಆಚೆ ಎಳೆದೆ.

ಇನ್ನು ಸ್ಟ್ಯಾಂಡು ಕಾಣಬಾರದು. ದಪ್ಪ ಬಟ್ಟೆಯಲ್ಲಿ ನೆಲ ಮುಟ್ಟುವ ಹೊದಿಕೆ ಹೊಲಿದೆ, ಸೀಟು, ಹ್ಯಾಂಡಲಿನ ಹತ್ತಿರ ಮಾತ್ರ ಗುಂಡಿ ಇಟ್ಟೆ. ಗಾಡಿ ನೆಟ್ಟಗೆ ನಿಂತರೆ ಅನುಮಾನ ಬರುತ್ತದಲ್ಲ, ಅದಕ್ಕೆ ಎಡಗಡೆ ಒಳಗೆ ಹತ್ತಿ ತುಂಬಿದೆ. ವಾರೆ ಭುಜದವರನ್ನು ಹತ್ತಿ ಇಟ್ಟು ನೆಟ್ಟಗೆ ಮಾಡಿದ ಕೈ ಇದು, ನೆಟ್ಟಗಿದ್ದದ್ದನ್ನು ವಾರೆ ಮಾಡುವುದು ಯಾವ ಮಹಾ. ಇವರು ಸಂಜೆ ನೋಡಿ, "ಪರವಾಗಿಲ್ಲ, ಗಾಡಿ ಮೇಲೆ ನಿನಗೂ ಪ್ರೀತಿ ಇದೆ" ಎಂದರು. ಪಾಪ ಅನ್ನಿಸಿತು. ಎರಡು ನಿಮಿಷ.

ಅಂದಿನಿಂದ ಇದೇ ಕೆಲಸ. ಇವರು ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಗೆರೆ ನೋಡುವರು: ಗಾಡಿಯಿಂದ ಒಂದಡಿ, ಸರಿಯಾಗಿದೆ, ಹೂಂ. ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅತ್ತೆ ಹ್ಯಾಂಡಲ್ ಹಿಡಿಯುವರು, ಗಾಡಿಯೂ ಗೆರೆಯೂ ಒಂದಿಂಚು ಸರಿಯುವವು. ಇವರಿಗೆ ಸೊಂಟ ಬಗ್ಗುವುದಿಲ್ಲ, ಹೊದಿಕೆಯ ಅಂಚು ಎತ್ತುವುದಿಲ್ಲ. ಊರವರ ಗಡಿಯನ್ನೆಲ್ಲ ಕಾಯುವವರಿಗೆ ಮನೆಯ ಗಡಿ ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ಒಂದೇ ಒಂದು ಸಲ ಸಿಕ್ಕಿಬೀಳುವುದರಲ್ಲಿದ್ದೆ. "ಗಾಡಿ ಯಾಕೋ ಸಣ್ಣಗಾದ ಹಾಗಿದೆಯಲ್ಲ?" ಎಂದರು. ಅತ್ತೆ ತಲೆ ಎತ್ತದೆ, "ಎಷ್ಟು ದಿನದಿಂದ ಪೆಟ್ರೋಲ್ ಹಾಕಿಲ್ಲ ನೀನು? ಸಣ್ಣಗಾಗದೆ ಇನ್ನೇನು?" ಎಂದರು.

ತಿಂಗಳ ಕೊನೆಯ ಭಾನುವಾರ ಮೇಜು ಬಂತು. ಹೊತ್ತು ತಂದವರು ಗ್ಯಾರೇಜಿನಲ್ಲಿ ಇಳಿಸಿದರು, ಕೂತಿತು. ನಾನು ಪಕ್ಕದಲ್ಲಿ ನಿಂತು ಒಂದು ಸುತ್ತು ತಿರುಗಿಯೂ ತೋರಿಸಿದೆ. ಇವರ ಮುಖ ನೋಡಬೇಕಿತ್ತು! ಆಫೀಸಿನ ಟೇಪು ತಂದು ಅಳೆದರು. ಮೇಜು ಗೆರೆಯ ಈಚೆಗೇ ಇತ್ತು. ಗೆರೆಯಿಂದ ಗಾಡಿಗೆ ಒಂದೇ ಅಡಿ. ಮತ್ತೆ ಅಳೆದರು. ಗೋಡೆಯನ್ನು ಕೈಯಿಂದ ತಟ್ಟಿ ನೋಡಿದರು.

"ಗೋಡೆ ಏನಾದ್ರೂ ಸರಿದಿದೆಯಾ?"

"ಹಳೇ ಮನೆ, ಹೇಳೋಕಾಗಲ್ಲಪ್ಪ" ಎಂದರು ಅತ್ತೆ.

ಸಿಟ್ಟಿಗೆ ಇವರು ಹೊದಿಕೆಯ ಗುಂಡಿ ಬಿಚ್ಚಿ ಸೀಟಿನ ಮೇಲೆ ಕೂತರು, ಡಾಕ್ಟರ ತಿಂಗಳು ಮುಗಿದಿತ್ತು ನೋಡಿ. ಬೇಡ ಎನ್ನುವಷ್ಟರಲ್ಲಿ ಸ್ಟಾರ್ಟ್ ಮಾಡಿ ಗೇರು ಹಾಕಿದರು. ಗಾಡಿ ಗುರ್ರೆಂದಿತು, ಕದಲಲಿಲ್ಲ. ಎರಡನೇ ಗೇರು. ಅಲ್ಲೇ. "ಕ್ಲಚ್ ಹೋಗಿದೆ!" ಎಂದು ಆಕ್ಸಿಲರೇಟರನ್ನು ಇನ್ನಷ್ಟು ತಿರುಚಿದರು. ಗಾಳಿಯಲ್ಲಿ ತಿರುಗುತ್ತಿದ್ದ ಹಿಂದಿನ ಚಕ್ರ ಹೊದಿಕೆಯ ಅಂಚನ್ನು ಕಚ್ಚಿ ಎಳೆದುಕೊಂಡಿತು. ಪರ್ರೆಂದು ಬಟ್ಟೆ ಹರಿದು ಹತ್ತಿಯೆಲ್ಲ ಹಾರಿತು. ಓಡಿಹೋಗಿ ಕೀಲಿ ತಿರುಗಿಸಿದೆ.

ತಲೆಯ ತುಂಬ ಹತ್ತಿ ಮೆತ್ತಿಕೊಂಡು ಇವರು ಇಳಿದರು, ಬಗ್ಗಿದರು. ಸ್ಟ್ಯಾಂಡು ನೋಡಿದರು, ಗಾಲಿ ನೋಡಿದರು, ತಟ್ಟೆ ನೋಡಿದರು.

"ಯಾರು ಎತ್ತಿದ್ದು ಇದನ್ನ?"

"ನಾನು."

"ದಿನಕ್ಕೆ ಎಷ್ಟು?"

"ಒಂದಿಂಚು."

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. "ಸೊಂಟ ಹೋದ ಮೇಲೆ ಇನ್ನು ಇದನ್ನ ಎತ್ತೋಕೇ ಆಗಲ್ಲ ಅಂದ್ಕೊಂಡಿದ್ದೆ. ಅದಕ್ಕೇ ಇದ್ದಲ್ಲೇ ಇರಲಿ ಅಂದೆ" ಎಂದರು ಮೆಲ್ಲಗೆ. ಹಠದ ಒಳಗಿದ್ದ ಹೆದರಿಕೆಯನ್ನು ನಾನು ಅಳೆದೇ ಇರಲಿಲ್ಲ.

"ಬನ್ನಿ, ತೋರಿಸ್ತೀನಿ. ಕೈಯಲ್ಲಿ ಎಳೀಬೇಡಿ, ಕಾಲಲ್ಲಿ ತುಳೀರಿ."

ನಾಲ್ಕು ಸಲ ಇಳಿಸಿ ನಾಲ್ಕು ಸಲ ಎತ್ತಿದರು. ಹಿಂದಿನ ಚಕ್ರವನ್ನು ಒಂದೇ ಬೆರಳಿನಿಂದ ತಿರುಗಿಸುತ್ತ ಚೈನಿಗೆ ಎಣ್ಣೆ ಬಿಟ್ಟರು, ಬಾಯಿ ಕಿವಿಯವರೆಗೆ ಹೋಗಿತ್ತು. "ಮೇಜು ಇರಲಿ. ಗೆರೆ ಅಂದ್ರೆ ಗೆರೆ" ಎಂದರು. ನಾನು ನೆಮ್ಮದಿಯಿಂದ ಸಂಜೆ ಹಳೇ ಅಂಗಡಿಯ ಕೀಲಿ ಕೊಟ್ಟು ಬಂದೆ.

ಮರುದಿನ ಬೆಳಿಗ್ಗೆ ಮೊದಲ ಸಮವಸ್ತ್ರ ಕತ್ತರಿಸಲು ಗ್ಯಾರೇಜಿಗೆ ಹೋದರೆ ಮೇಜಿನ ಕಾಲು ಗೆರೆಯ ಮೇಲೆ ನಿಂತಿತ್ತು. ಮೇಜು ಸರಿದಿರಲಿಲ್ಲ. ಗಾಡಿಯಿಂದ ಗೆರೆಗೆ ಸರಿಯಾಗಿ ಒಂದಡಿ. ಟೇಪು ಹಿಡಿದೆ: ನನ್ನ ಕಡೆ ಐವತ್ತಮೂರು ಇಂಚು. ನನ್ನ ಚಾಕಿನ ಡಬ್ಬಿಯಲ್ಲಿ ಒಂದು ತುಂಡು ಕಾಣೆ. ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದ್ದರು.

"ಅತ್ತೇ, ಸ್ವಲ್ಪ ಬಂದು ಹ್ಯಾಂಡಲ್ ಹಿಡ್ಕೊಳ್ತೀರಾ?" ಎಂದು ಕೂಗಿದೆ.

"ಇವತ್ತಾಗಲ್ಲಮ್ಮ" ಎಂದು ಒಳಗಿಂದ ಉತ್ತರ ಬಂತು. "ನಿನ್ನೆ ಸಂಜೆ ಅವನಿಗೆ ಹಿಡ್ಕೊಂಡು ಕೈ ನೋಯ್ತಿದೆ."