ದೊಡ್ಡವರ ಹೋಂವರ್ಕ್

ಮೂರನೇ ಕ್ಲಾಸಿಗೆ ಹೊಸದಾಗಿ ಬಂದ ಮಿಸ್ ಲೆಕ್ಕದ ಹೋಂವರ್ಕನ್ನೇ ನಿಲ್ಲಿಸಿಬಿಟ್ಟರು ಎಂಬ ಸುದ್ದಿಯನ್ನು ಕನ್ನಡಕದ ಅಂಗಡಿಯವನು ಮೊದಲು ನಂಬಲಿಲ್ಲ. ಸುದ್ದಿ ತಂದವಳು ಅವನ ಮಗಳು. ಹುಟ್ಟಿದಾಗ ಅವಳ ಅಳು ಕೇಳಿ ಯಾರೋ 'ಪಿಟೀಲು' ಎಂದದ್ದು ಹಾಗೇ ಅಂಟಿಕೊಂಡು, ಈಗ ಮನೆಯಲ್ಲೂ ಬೀದಿಯಲ್ಲೂ ಅವಳು ಪಿಟೀಲೇ ಆಗಿದ್ದಳು. ಲೆಕ್ಕ ತಪ್ಪಿಸಿಕೊಳ್ಳಲು ಹೊಟ್ಟೆನೋವು, ಕಣ್ಣುರಿ, ಕಳೆದುಹೋದ ಪೆನ್ಸಿಲ್ಲು ಎಲ್ಲವನ್ನೂ ಈಗಾಗಲೇ ಬಳಸಿ ಮುಗಿಸಿದ್ದ ಹುಡುಗಿ, ಇದನ್ನೂ ಅವಳೇ ಹೊಸದಾಗಿ ಕಟ್ಟಿರಬೇಕು ಎಂದುಕೊಂಡ.

"ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳಮ್ಮ," ಎಂದ.

"ನಿಜವಾಗ್ಲೂ ಇಲ್ಲಪ್ಪ! ಬೇಕಾದ್ರೆ ಗುಂಡನ್ನ ಕೇಳು."

ಗುಂಡ ಎಂದರೆ ಅಪ್ಪನ ಅಂಗಡಿಯ ಪಕ್ಕದಲ್ಲೇ ಲಾಂಡ್ರಿ ಇಟ್ಟಿದ್ದ, ಬೀದಿಯವರೆಲ್ಲ ಲಾಂಡ್ರಿ ಅಕ್ಕ ಎನ್ನುವವಳ ಮಗ. ಪಿಟೀಲಿನ ಬೆಂಚಿನಲ್ಲೇ ಕೂರುವವನು. ಅಪ್ಪ ಫೋನ್ ತೆಗೆದು ಲಾಂಡ್ರಿ ಅಕ್ಕನಿಗೆ ಹಚ್ಚಿದ. ಆ ಕಡೆಯಿಂದ ಇಸ್ತ್ರಿಯ ಬುಸುಬುಸು ಸದ್ದಿನ ನಡುವೆ ಉತ್ತರ ಬಂತು: "ಹೌದಂತೆ ಕಣಣ್ಣ. ನಮ್ಮವನು ಆಗಲೇ ಬ್ಯಾಗ್ ಎಸೆದು ಓಡಿಹೋದ."

ಫೋನ್ ಇಡುವಷ್ಟರಲ್ಲಿ ಪಿಟೀಲೂ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಾಗಿತ್ತು. ಕೆಳಗಿನ ಅಂಗಳದಲ್ಲಿ ಮಕ್ಕಳು ಹಾರುವ ಹಗ್ಗ ನೆಲಕ್ಕೆ ಬಡಿಯುವ ಸದ್ದು, ಅದರ ಹಿಂದೆ ನಗು. ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಒಬ್ಬನೇ ಕೂತ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಬರುವುದು ಊಟದ ಹೊತ್ತಿಗೆ. ದಿನವೂ ಈ ಹೊತ್ತಿನಲ್ಲಿ ಅವನು ಮಗಳ ಎದುರು ಕೂತು, "ಎಲ್ಲಿ, ತೋರಿಸು," ಎನ್ನುತ್ತಿದ್ದ. ಇವತ್ತು ತೋರಿಸಲು ಯಾರೂ ಇರಲಿಲ್ಲ. ಚಹಾ ಮಾಡಿಕೊಂಡ, ಕುಡಿಯಲು ಮರೆತ, ಕೊನೆಗೆ ಸಿಟ್ಟು ಮಾಡಿಕೊಂಡ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ, "ಅಭ್ಯಾಸ ಇಲ್ಲದೆ ಲೆಕ್ಕ ಎಲ್ಲಿಂದ ಬರುತ್ತೆ? ನಾಳೆ ದೊಡ್ಡವಳಾಗಿ ನಮ್ಮ ಮುಖಕ್ಕೇ ಹೇಳ್ತಾಳೆ, ನೀವು ಕಲಿಸಲಿಲ್ಲ ಅಂತ. ನಾನು ಸ್ಕೂಲಿಗೆ ಹೋಗಿ ಕೇಳೇ ಕೇಳ್ತೀನಿ."

"ಹೋಗಿ," ಎಂದಳು ಅವಳು, ತಟ್ಟೆಯಿಂದ ಕಣ್ಣೆತ್ತದೆ. "ಆದ್ರೆ ಸ್ವಲ್ಪ ಮೆಲ್ಲಗೆ ಮಾತಾಡಿ. ಆ ಮಿಸ್ಸು ಚಿಕ್ಕ ಹುಡುಗಿ."

ಅವನು ಕೇಳಲು ಹೋಗುವ ಹೊತ್ತಿಗೆ ಕೇಳುವವರು ಬಹಳ ಜನ ಆಗಿದ್ದರು. ಹೆಡ್ಮಿಸ್ಟ್ರೆಸ್ ಬೇರೆ ದಾರಿ ಕಾಣದೆ ಶಾಲೆ ಬಿಟ್ಟ ಮೇಲೆ ಮೂರನೇ ಕ್ಲಾಸಿನಲ್ಲೇ ಮೀಟಿಂಗ್ ಕರೆದರು. ಅಪ್ಪ ಅಮ್ಮಂದಿರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುಡಿಕೊಂಡು ಕೂತರು. ಗೋಡೆಯ ತುಂಬಾ ರಟ್ಟಿನ ತ್ರಿಕೋನಗಳು, ವೃತ್ತಗಳು. ಬೋರ್ಡಿನ ಪಕ್ಕ ನಿಂತಿದ್ದ ಮಿಸ್ ನಿಜಕ್ಕೂ ಚಿಕ್ಕವಳೇ. ಕೈಗೆ ಮೆತ್ತಿದ್ದ ಸೀಮೆಸುಣ್ಣವನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು.

"ಕಾರಣ ಹೇಳಿ ಮಿಸ್," ಎಂದ ಕನ್ನಡಕದ ಅಂಗಡಿಯವನು. ಮೆಲ್ಲಗೆ ಹೇಳಬೇಕೆಂದೇ ಎದ್ದಿದ್ದ, ದನಿ ಮಾತ್ರ ಬೀದಿಗೆ ಕೇಳುವಷ್ಟಿತ್ತು.

"ಹೋಂವರ್ಕ್ ತಿದ್ದುವಾಗ ನಾನು ಮಕ್ಕಳ ಲೆಕ್ಕ ತಿದ್ದುತ್ತಾ ಇರಲಿಲ್ಲ ಸಾರ್," ಎಂದಳು ಮಿಸ್. "ನಿಮ್ಮ ಲೆಕ್ಕ ತಿದ್ದುತ್ತಾ ಇದ್ದೆ. ಕೆಲವರು ಬರೆಯೋ ಏಳು ಅಂಕಿ ನನಗೀಗ ದೂರದಿಂದಲೇ ಗುರುತು ಸಿಗುತ್ತೆ."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

"ಮನೇಲಿ ಹೇಳಿಕೊಡೋರು ಇಲ್ಲದ ಮಕ್ಕಳು ಬೆಳಗ್ಗೆ ಗೇಟಿನ ಹತ್ರಾನೇ ಅಳೋಕೆ ಶುರು ಮಾಡ್ತಾರೆ. ಅವರನ್ನ ಸಮಾಧಾನ ಮಾಡೋದ್ರಲ್ಲೇ ನನ್ನ ಮೊದಲನೇ ಪೀರಿಯಡ್ ಹೋಗುತ್ತೆ. ಎಂಟು ವರ್ಷದ ಮಗು ದಿನವೆಲ್ಲ ಕೂತು ಬಂದು ಮತ್ತೆ ಸಾಯಂಕಾಲಾನೂ ಕೂರಬೇಕು ಅಂದ್ರೆ ಹೇಗೆ?"

"ಸರಿಯಾಗಿ ಹೇಳಿದ್ರಿ," ಎಂದಳು ಲಾಂಡ್ರಿ ಅಕ್ಕ. "ಎಂಥ ಸರಿ?" ಎಂದು ಟ್ಯಾಕ್ಸಿ ಓಡಿಸುವಾಕೆ ಎದ್ದಳು. "ನನ್ನ ಮಗ ಬೆಳಗ್ಗೆ ಕಲಿತದ್ದನ್ನ ಮನೆಗೆ ಬರೋ ದಾರೀಲೇ ಉದುರಿಸ್ಕೊಂಡು ಬರ್ತಾನೆ. ಕೂರಿಸಿ ಇನ್ನೊಂದು ಸಲ ಮಾಡಿಸಿದ್ರೇನೇ ಅವನ ತಲೇಲಿ ನಿಲ್ಲೋದು." ಇಬ್ಬರ ಮಾತೂ ಸರಿಯೆನಿಸಿ ಜನ ಎರಡು ಪಾಲಾದರು. ಗಲಾಟೆ ಮಕ್ಕಳ ಗಲಾಟೆಗಿಂತ ಜೋರಾಯಿತು. ಹೆಡ್ಮಿಸ್ಟ್ರೆಸ್ ಅಭ್ಯಾಸಬಲದಿಂದ ಡಸ್ಟರನ್ನು ಮೇಜಿಗೆ ಕುಟ್ಟಿದರು. ಎಲ್ಲರೂ ಅಭ್ಯಾಸಬಲದಿಂದಲೇ ಬಾಯಿ ಮುಚ್ಚಿದರು.

ಆಗ ಮಿಸ್ ಹೇಳಿದಳು, "ಒಂದು ಕೆಲಸ ಮಾಡೋಣ. ಒಂದು ವಾರ ಹೋಂವರ್ಕ್ ಕೊಡ್ತೀನಿ. ಮಕ್ಕಳಿಗಲ್ಲ, ನಿಮಗೆ. ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ನೀವು ಮಾಡಿ. ಮಾರನೇ ದಿನ ಕ್ಲಾಸಿನಲ್ಲಿ ಮಕ್ಕಳು ತಿದ್ದುತ್ತಾರೆ. ವಾರ ಆದ್ಮೇಲೆ ಬಂದು ನೀವು ಹೇಳಿದ ಹಾಗೇ ನಡ್ಕೊಳ್ತೀನಿ."

"ಮೂರನೇ ಕ್ಲಾಸಿನ ಲೆಕ್ಕ ತಾನೆ?" ಎಂದು ಕನ್ನಡಕದ ಅಂಗಡಿಯವನು ನಕ್ಕ. "ಕೊಡಿ ಕೊಡಿ. ಬೇಕಾದ್ರೆ ಎರಡು ಪಟ್ಟು ಕೊಡಿ."

ಸೋಮವಾರ ಅವನು ಎಲ್ಲ ಲೆಕ್ಕವನ್ನೂ ಒಂದೇ ಉಸಿರಿಗೆ ಮಾಡಿ, ಪೆನ್ನು ಮುಚ್ಚಿ, ಮಗಳ ಕಡೆ ಹೆಮ್ಮೆಯಿಂದ ನೋಡಿದ. ಮಂಗಳವಾರ ಹಾಳೆ ವಾಪಸ್ಸು ಬಂದಾಗ ಅದರ ಮೇಲೆ ಕೆಂಪು ಇಂಕಿನಲ್ಲಿ ಮೂರು ಇಂಟು ಗುರುತುಗಳಿದ್ದವು.

"ಉತ್ತರ ಸರಿಯಾಗೇ ಇದೆಯಲ್ಲೇ!" ಎಂದು ಕೂಗಿದ.

"ಉತ್ತರ ಸರಿ ಅಪ್ಪ, ಹೇಗೆ ಬಂತು ಅಂತ ಬರೆದಿಲ್ಲ. ಎಲ್ಲಿಂದ ಸಾಲ ತಗೊಂಡೆ, ಯಾವುದನ್ನ ಕಳೆದೆ, ಏನೂ ಇಲ್ಲ. ಹಾಗೆ ಬರೆದ್ರೆ ಅರ್ಧ ಮಾರ್ಕು ಅಂತ ನಾವೆಲ್ಲ ಸೇರಿ ತೀರ್ಮಾನ ಮಾಡಿದ್ವಿ." ಪಿಟೀಲಿನ ಮುಖದಲ್ಲಿ ಕನಿಕರವಿತ್ತೇ ಹೊರತು ರಿಯಾಯಿತಿ ಇರಲಿಲ್ಲ.

ಮಂಗಳವಾರದ ಹಾಳೆಯನ್ನು ಅವನು ವಿಧಾನ ಸಮೇತ, ಅಂದವಾಗಿ ಬರೆದ. ಬುಧವಾರ ಮಾತ್ರ ಎಡವಟ್ಟಾಯಿತು. ಅವತ್ತು ಅಂಗಡಿಯಲ್ಲಿ ಬೆಳಗ್ಗೆಯಿಂದ ಒಬ್ಬ ಗಿರಾಕಿ ಹೊಸ ಕನ್ನಡಕ ಹಾಕಿಕೊಂಡರೆ ನೆಲ ಮೇಲೆದ್ದು ಬರುತ್ತದೆ ಎಂದು ಜಗಳ ತೆಗೆದಿದ್ದ. ಗಾಜು ಬಿಚ್ಚಿ, ಅಳೆದು, ಮತ್ತೆ ಕೂರಿಸಿ, ಅವನನ್ನು ಅಂಗಡಿ ಮುಂದೆ ಅತ್ತಿಂದಿತ್ತ ನಡೆಸಿ, ಸಮಾಧಾನ ಮಾಡುವ ಹೊತ್ತಿಗೆ ಅಪ್ಪನ ಕಣ್ಣಿಗೇ ಕತ್ತಲೆ ಬಂದಿತ್ತು. ಮನೆಗೆ ಬಂದು ಸೋಫಾದ ಮೇಲೆ ಒರಗಿದವನು ಅಲ್ಲೇ ನಿದ್ದೆಹೋದ.

ಗುರುವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಜೇಬಿನಲ್ಲಿ ಖಾಲಿಯಾಗೇ ಉಳಿದಿದ್ದ ಹಾಳೆ ನೆನಪಾಯಿತು. ಓಡಿ ಲಾಂಡ್ರಿಗೆ ಹೋದ.

"ಅಕ್ಕಾ, ನಿಂದು ಆಯ್ತಾ? ಸ್ವಲ್ಪ ಕೊಡು."

"ಅಯ್ಯೋ, ಕಾಪಿ ಹೊಡೀತೀಯಾ? ನಾಚಿಕೆ ಆಗಲ್ವಾ?" ಎನ್ನುತ್ತಲೇ ಲಾಂಡ್ರಿ ಅಕ್ಕ ಶರ್ಟುಗಳ ರಾಶಿಯ ಅಡಿಯಿಂದ ತನ್ನ ಹಾಳೆ ಎಳೆದು ಕೊಟ್ಟಳು. "ಬೇಗ ಮುಗಿಸು, ಗುಂಡ ಹೊರಟ. ಇಬ್ಬರದ್ದೂ ಅವನ ಕೈಲೇ ಕಳಿಸಿದ್ರಾಯ್ತು."

ಅವನ ಅಂಗಡಿಯ ಮುಂದೆ ಆಗಲೇ ಇಬ್ಬರು ಗಿರಾಕಿಗಳು ನಿಂತಿದ್ದರು. ಅಪ್ಪ ನಿಂತಲ್ಲೇ, ಇಸ್ತ್ರಿ ಮೇಜಿನ ಅಂಚಿಗೆ ಹಾಳೆ ಒತ್ತಿಕೊಂಡು, ಒಂದಕ್ಷರ ಬಿಡದೆ ಗೀಚಿದ.

ಸಾಯಂಕಾಲ ಮನೆಗೆ ಬಂದಾಗ ಮೇಜಿನ ಮೇಲೆ ಹಾಳೆ ಕಾಯುತ್ತಿತ್ತು. ಪಿಟೀಲು ಎದುರಿಗೆ ಕೈಕಟ್ಟಿ ಕೂತಿದ್ದಳು. ಕೆಳಗೆ ಆಡಲು ಹೋಗಿರಲಿಲ್ಲ.

"ಅಪ್ಪಾ, ಇಲ್ಲಿ ಕೂತ್ಕೋ."

ಕೂತ.

"ಮೂವತ್ತೆರಡು ಮಕ್ಕಳು ಪ್ರವಾಸಕ್ಕೆ ಹೋಗ್ಬೇಕು. ಒಂದು ಗಾಡೀಲಿ ಆರು ಮಕ್ಕಳು ಹಿಡೀತಾರೆ. ಎಷ್ಟು ಗಾಡಿ ಬೇಕು? ನೀನು ಏನು ಬರೆದಿದ್ದೀಯ, ಓದು."

ಅಪ್ಪ ಓದಿದ. "ಐದು, ಬಾಕಿ ಎರಡು..." ಅಲ್ಲಿಗೆ ನಿಂತ.

"ಮುಂದೆ ಓದು."

"...ಗಂಜಿ ಬೇಡ."

ಲಾಂಡ್ರಿ ಅಕ್ಕ ಲೆಕ್ಕ ಮಾಡುತ್ತಿದ್ದಾಗ ಯಾರೋ ಶರ್ಟು ಕೊಟ್ಟು, ಗಂಜಿ ಹಾಕಬೇಡಿ, ಮೈಗೆ ಚುಚ್ಚುತ್ತದೆ ಎಂದು ಹೇಳಿಹೋಗಿದ್ದರು. ಮರೆಯಬಾರದೆಂದು ಅವಳು ಕೈಗೆ ಸಿಕ್ಕ ಹಾಳೆಯ ಮೇಲೆ ಬರೆದುಕೊಂಡಿದ್ದಳು. ಅದೂ ಉತ್ತರದ ಪಕ್ಕದಲ್ಲೇ. ಹೊಸ ಪಠ್ಯದಲ್ಲಿ ಏನೇನೋ ಇರುತ್ತದೆ ಎಂದುಕೊಂಡು ಇವನು ಅದನ್ನೂ ಇಳಿಸಿಬಿಟ್ಟಿದ್ದ.

"ಎಲ್ಲರೂ ಬಿದ್ದು ಬಿದ್ದು ನಕ್ರು," ಎಂದಳು ಪಿಟೀಲು. "ಮಿಸ್ಸು ಬೋರ್ಡ್ ಕಡೆ ತಿರುಗಿ ನಕ್ರು, ನಂಗೆ ಕಾಣಿಸ್ತು. ನಾನು ಎದ್ದು ನಿಂತು, ನಮ್ಮಪ್ಪಂಗೆ ಸುಸ್ತಾಗಿತ್ತು ಅಂತ ಹೇಳ್ದೆ. ಅದಿರ್ಲಿ, ಇದೇನಿದು? ಬಾಕಿ ಇಬ್ಬರು ಮಕ್ಕಳು ಏನ್ಮಾಡ್ಬೇಕು? ನಡ್ಕೊಂಡು ಹೋಗ್ಬೇಕಾ?"

ಅಪ್ಪನಿಗೆ ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಹೊಟ್ಟೆಯೊಳಗಿಂದ ನಗು ಒತ್ತಿಕೊಂಡು ಬಂತು. ಆದರೆ ಮಗಳು ನಗುತ್ತಿರಲಿಲ್ಲ. ಪೆನ್ಸಿಲಿನ ಹಿಂಭಾಗದಿಂದ ಮೇಜಿನ ಮೇಲೆ ಟಕ್ ಟಕ್ ಎಂದು ಕುಟ್ಟುತ್ತಿದ್ದಳು.

"ಹೇಳು. ಎಷ್ಟು ಗಾಡಿ? ಬೇಗ ಬೇಗ! ಬಾಯಲ್ಲಿ ಏನಿಟ್ಕೊಂಡಿದ್ದೀಯ? ನಿನ್ನೆ ತಾನೆ ಹೇಳಿಕೊಟ್ಟಿದ್ದೆ? ನಿನ್ನ ವಯಸ್ಸಲ್ಲಿ ನಾನು..."

"ಸಾಕು ಸಾಕು. ಇದೆಲ್ಲಿ ಕಲಿತೆ?"

"ಇದು ನೀನು," ಎಂದಳು ಪಿಟೀಲು ಸಹಜವಾಗಿ. "ನೀನು ಹೀಗೇ ಕುಟ್ಟೋದು. ನೀನು ಕುಟ್ಟಿದ್ರೆ ನಂಗೆ ಗೊತ್ತಿರೋದೂ ಮರೆತುಹೋಗುತ್ತೆ."

ಅವಳು ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಮಳೆ ಬಂದರೆ ನೆಲ ಒದ್ದೆಯಾಗುತ್ತೆ ಎನ್ನುವ ಹಾಗೆ ಹೇಳಿದಳು. ಅದಕ್ಕೇ ಅಪ್ಪನಿಗೆ ಹೆಚ್ಚು ನಾಟಿತು. ಎಷ್ಟೋ ಸಾಯಂಕಾಲ ಅವನು ಏಳೆಂಟ್ಲಿ ಎಷ್ಟು ಎಂದು ಕೇಳಿದರೆ ಅವಳು ಬಾಯಿ ತೆರೆದು ಗೋಡೆ ನೋಡುತ್ತಿದ್ದಳು. ಗಮನವೇ ಇಲ್ಲ ಇವಳಿಗೆ ಎಂದು ಅವನು ಇನ್ನೂ ಜೋರಾಗಿ ಕುಟ್ಟುತ್ತಿದ್ದ.

"ಆರು ಗಾಡಿ," ಎಂದ ಕೊನೆಗೆ, ಮೆಲ್ಲಗೆ. "ಆ ಇಬ್ಬರಿಗೆ ಅಂತ ಇನ್ನೊಂದು ಗಾಡಿ ಬೇಕು."

"ಸರಿ," ಎಂದು ಪಿಟೀಲು ಹಸಿರು ಪೆನ್ನಿನಿಂದ ಒಂದು ಟಿಕ್ ಹಾಕಿದಳು. "ಕಾಪಿ ಹೊಡೆದಿದ್ದಕ್ಕೆ ಒಂದು ಮಾರ್ಕು ಕಟ್. ಇನ್ನು ಆಡೋಕೆ ಹೋಗ್ಲಾ?"

ಹೆಂಡತಿ ಬಂದ ಮೇಲೆ ಅವನು ಎಲ್ಲವನ್ನೂ ಹೇಳಿದ. ಗಂಜಿಯ ಮಾತು ಬಂದಾಗ ಅವಳು ಗೋಡೆ ಹಿಡಿದುಕೊಂಡು ನಕ್ಕಳು. ಲ್ಯಾಬಿನ ಕೋಟು ಇನ್ನೂ ಮೈಮೇಲೇ ಇತ್ತು. ಪೆನ್ಸಿಲ್ಲಿನ ಮಾತು ಬಂದಾಗ ನಗು ನಿಲ್ಲಿಸಿ ಅವನ ಪಕ್ಕ ಕೂತಳು.

"ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಹೇಳು. ಇವತ್ತು ಎಲ್ಲರೂ ಹೇಳ್ತಿದ್ದಾರೆ."

"ಹೋಂವರ್ಕ್ ಬೇಕಾಗಿರೋದು ಅವಳಿಗಲ್ಲ, ನಿಮಗೆ. ದಿನವೆಲ್ಲ ಅಂಗಡೀಲಿ ಇರ್ತೀರ. ಮಗಳು ಎದುರಿಗೆ ಕೂರೋದು ಆ ಒಂದು ಹೊತ್ತು ಮಾತ್ರ. ಅದೂ ಹೋಗಿಬಿಟ್ರೆ ಅಂತ ನಿಮಗೆ ದಿಗಿಲು."

"ಹಾಗೇನಿಲ್ಲ," ಎಂದ ಅವನು. ಎದ್ದುಹೋಗಿ, ಆಗಲೇ ತೊಳೆದಿಟ್ಟಿದ್ದ ಲೋಟವನ್ನು ಇನ್ನೊಂದು ಸಲ ತೊಳೆದ.

ಶನಿವಾರ ಮತ್ತೆ ಅದೇ ಬೆಂಚುಗಳು, ಅದೇ ಮೊಣಕಾಲುಗಳು. ಆದರೆ ಹೋದ ವಾರದ ಬಿಗಿ ಯಾರ ಮುಖದಲ್ಲೂ ಇರಲಿಲ್ಲ. ಒಬ್ಬರು ಹಾಳೆಯ ಮೇಲೆ ಸಾರು ಚೆಲ್ಲಿದ್ದರು, ಒಬ್ಬರು ಹಾಳೆ ಕಳೆದುಹೋಯಿತೆಂದು ಮಗನ ಹತ್ತಿರ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರು. ಟ್ಯಾಕ್ಸಿಯಾಕೆ ಮಾತ್ರ ಎಲ್ಲವನ್ನೂ ಮಾಡಿ ಮುಗಿಸಿದ್ದಳು. "ನನಗೆ ಒಳ್ಳೇದೇ ಆಯ್ತು. ನನ್ನ ಮಗ ನನ್ನ ತಪ್ಪು ಹುಡುಕೋ ಆಸೆಗೆ ತಾನೇ ಕೂತು ಕಲಿತ. ಈಗ ಪೂರ್ತಿ ನಿಲ್ಲಿಸಬೇಡಿ ಮಿಸ್," ಎಂದಳು.

ಎಲ್ಲರೂ ಕನ್ನಡಕದ ಅಂಗಡಿಯವನ ಕಡೆ ತಿರುಗಿದರು. ಹೋದ ವಾರ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ಅವನೇ. ಎದ್ದು ನಿಂತ. ಬೆಂಚು ಅವನ ಜೊತೆಗೇ ಎದ್ದಿತು. ಅದನ್ನು ಬಿಡಿಸಿಕೊಂಡು ಹೇಳಿದ:

"ಕೆಲಸ ಮುಗಿಸಿ ಬಂದವರಿಗೆ ಮತ್ತೆ ಕೆಲಸ ಕೊಟ್ರೆ ಏನಾಗುತ್ತೆ ಅಂತ ನಿಮಗೆಲ್ಲ ಗೊತ್ತಾಗಿದೆ. ನನ್ನ ಮರ್ಯಾದೆ ಇಡೀ ಕ್ಲಾಸಿನ ಮುಂದೆ ಹೋಗಿದೆ. ನನ್ನ ಮಗಳಿಗೆ ಹೋಂವರ್ಕ್ ಬೇಡ ಮಿಸ್." ಬೆಂಚಿನ ಅಂಚನ್ನು ಹಿಡಿದುಕೊಂಡ. "ಆದ್ರೆ... ಸಾಯಂಕಾಲ ಅವಳ ಜೊತೆ ಕೂತ್ಕೊಳ್ಳೋಕೆ ನನಗೆ ಏನಾದ್ರೂ ಒಂದು ಬೇಕು."

ಯಾರೂ ನಗಲಿಲ್ಲ. ಪಕ್ಕದ ಬೆಂಚಿನಲ್ಲಿದ್ದ ಇನ್ನೊಬ್ಬ ಅಪ್ಪ, ಬ್ರೆಡ್ ಅಂಗಡಿಯವನು, ತಲೆ ತಗ್ಗಿಸಿಕೊಂಡು, "ನಂಗೂ," ಎಂದ.

ಮಿಸ್ ತಾನೂ ಪೂರ್ತಿ ನಿಲ್ಲಿಸಿದ್ದು ಆತುರವೇ ಆಯಿತು ಎಂದು ಒಪ್ಪಿಕೊಂಡಳು. ಇನ್ನು ಮುಂದೆ ಹೀಗೆ ಮಾಡೋಣವೆಂದಳು: ಕೊನೆಯ ಬೆಲ್ಲಿಗೆ ಮೊದಲು ಕ್ಲಾಸಿನಲ್ಲೇ, ತನ್ನ ಕಣ್ಣೆದುರಿಗೇ, ಅಭ್ಯಾಸ ಮಾಡಿಸುವುದು. ಬಾಗಿಲ ಹತ್ತಿರ ಒಂದು ಬುಟ್ಟಿಯಲ್ಲಿ ಲೆಕ್ಕದ ಹಾಳೆಗಳನ್ನು ಇಡುವುದು. ಬೇಕಾದ ಮಕ್ಕಳು ಒಯ್ಯಲಿ, ಬೇಡದವರು ಆಡಲಿ. ಮಾಡದಿದ್ದರೆ ಬೈಗುಳವಿಲ್ಲ. ಹೆಡ್ಮಿಸ್ಟ್ರೆಸ್, "ಮಾಡಿ ನೋಡೋಣ," ಎಂದು ಡಸ್ಟರ್ ಕೆಳಗಿಟ್ಟರು.

ಟ್ಯಾಕ್ಸಿಯಾಕೆಯ ಮಗ ದಿನವೂ ಹಾಳೆ ಒಯ್ಯುತ್ತಿದ್ದ. ಗುಂಡ ಒಂದು ಒಯ್ದು ಅದರಲ್ಲಿ ವಿಮಾನ ಮಾಡಿದ. ಪಿಟೀಲು ಬುಟ್ಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಪ್ಪ ಕೇಳಲಿಲ್ಲ. ಅಂಗಡಿಯನ್ನು ಸ್ವಲ್ಪ ಬೇಗ ಮುಚ್ಚಿ ಬಂದು, ಅಂಗಳದ ಕಟ್ಟೆಯ ಮೇಲೆ ಕೂತು ಹಗ್ಗದ ಒಂದು ತುದಿ ಹಿಡಿಯುವ ಕೆಲಸಕ್ಕೆ ಸೇರಿಕೊಂಡ. ಅವನು ಸರಿಯಾಗಿ ತಿರುಗಿಸುವುದಿಲ್ಲ ಎಂದು ಮಕ್ಕಳಿಂದ ಬೈಸಿಕೊಂಡ. ಕೆಲವು ದಿನ ಮನಸ್ಸಿನಲ್ಲೇ ಪೇಚಾಡಿಕೊಂಡ, ಮಗ್ಗಿ ಎಲ್ಲ ಮರೆತುಬಿಟ್ಟರೆ ಗತಿಯೇನು ಎಂದು. ಆದರೂ ಬಾಯಿ ಬಿಡಲಿಲ್ಲ.

ಆಮೇಲೆ ಒಂದು ಮೋಡದ ಸಾಯಂಕಾಲ, ಕೆಳಗೆ ಹೋಗಲಾಗದಷ್ಟು ಮಳೆ ಹಿಡಿದಾಗ, ಪಿಟೀಲು ಬ್ಯಾಗಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಎದುರಿಗೆ ಕೂತ ಅಪ್ಪನಿಗೆ ತಲೆಕೆಳಗಾಗಿ ಕಾಣುತ್ತಿದ್ದ ಆ ಭಾಗಾಕಾರದ ಎರಡನೇ ಸಾಲಿನಲ್ಲೇ ತಪ್ಪಿತ್ತು. ಅವನು ಕೈಗಳನ್ನು ತೊಡೆಯ ಅಡಿಗೆ ಸೇರಿಸಿಕೊಂಡು ಕಿಟಕಿ ನೋಡಿದ.

"ಅಪ್ಪಾ, ಇದು ಯಾಕೋ ಸರಿ ಬರ್ತಿಲ್ಲ," ಎಂದಳು ಅವಳು ಬಹಳ ಹೊತ್ತಿನ ಮೇಲೆ.

"ಹೌದಾ?"

"ನೀನೇನೂ ಹೇಳಬೇಡ. ಸುಮ್ನೆ ಇಲ್ಲೇ ಕೂತಿರು, ಸಾಕು."

ಅವನು ಕೂತೇ ಇದ್ದ. ಹೊರಗೆ ಮಳೆ ಜೋರಾಯಿತು. ಅವನಿಗೆ ಎಲ್ಲಿಗೂ ಹೋಗುವುದಿರಲಿಲ್ಲ.