ಐವತ್ತು ವರ್ಷ ಓಡಿದ ಹಾಡು

ಟ್ರೆಮೆ ಬಡಾವಣೆಯಲ್ಲಿ ಆರ್ಸೆನ್ ಗ್ರಾಂಪ್ರೆಯಷ್ಟು ದಣಿದ ಮನುಷ್ಯ ಇನ್ನೊಬ್ಬನಿರಲಿಲ್ಲ. ಅವನ ದಣಿವನ್ನು ಮನೆಮನೆಗೂ ಹಂಚಿದ್ದರೆ ಇಡೀ ನ್ಯೂ ಆರ್ಲಿಯನ್ಸ್ ಮೂರು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅವನು ಕೂತರೆ ಕುರ್ಚಿಯೂ ನಿಟ್ಟುಸಿರು ಬಿಡುತ್ತಿತ್ತು. ವಯಸ್ಸು ಎಪ್ಪತ್ತೊಂದು, ಅದರಲ್ಲಿ ಐವತ್ತು ವರ್ಷ ಒಂದೇ ಹಾಡಿನ ಹಿಂದೆ ಓಡಿದ್ದ.

ಆ ಹಾಡಿನ ಹೆಸರು ‘ಮ್ಯೂಲ್‌ಬಾರ್ನ್ ಗ್ಯಾಲಪ್’, ಅಂದರೆ ಹೇಸರಗತ್ತೆ ಲಾಯದ ನಾಗಾಲೋಟ. ೧೯೪೭ರಲ್ಲಿ ಆರ್ಸೆನ್ ಟ್ರಂಪೆಟ್ ಊದಿ, ಅವನ ತಮ್ಮ ಲಿಯಾನ್ಸ್ ಡ್ರಮ್ ಬಾರಿಸಿ, ಇನ್ನಿಬ್ಬರು ಜೊತೆಗೂಡಿ ಗ್ರಾಮಫೋನ್ ತಟ್ಟೆಗೆ ಕೊಟ್ಟದ್ದು. ಎಂಥ ವೇಗ ಎನ್ನುತ್ತೀರಿ! ಆ ತಟ್ಟೆ ತಿರುಗಿದ ಮನೆಯಲ್ಲಿ ಕೋಳಿಗಳು ಬೆಂದ ಮೊಟ್ಟೆಯನ್ನೇ ಇಟ್ಟವಂತೆ. ಅದರಲ್ಲಿ ಅರ್ಧವಾದರೂ ನಿಜವಿರಬೇಕು. ನಡುವೆ ಒಂದು ಕಡೆ ಯಾರೋ ಹೆಂಗಸು ಕೀರಲು ದನಿಯಲ್ಲಿ ಕೂಗುತ್ತಾಳೆ. ಅವಳು ಯಾರೆಂಬ ಜಗಳದಲ್ಲಿ ತಟ್ಟೆ ಕೂಡಿಡುವವರ ಎಷ್ಟೋ ಸ್ನೇಹಗಳು ಮುರಿದುಬಿದ್ದಿದ್ದವು. ಲಿಯಾನ್ಸ್ ಎರಡೇ ವರ್ಷಕ್ಕೆ ಕ್ಷಯ ಬಂದು ತೀರಿಕೊಂಡ. ಆರ್ಸೆನ್‌ಗೆ ‘ಊರಿನ ಅತಿ ವೇಗದ ತುತ್ತೂರಿ’ ಎಂಬ ಬಿರುದು ಉಳಿಯಿತು.

ಪ್ರತಿ ಸೋಮವಾರ ಸಂಜೆ ನಾಲ್ಕಕ್ಕೆ ಅವನು ಹಳೆಯ ಸಹಾಯ ಸಂಘದ ಹಾಲ್‌ನಲ್ಲಿ ಮೂವರನ್ನು ಕಟ್ಟಿಕೊಂಡು ಜಾಝ್ ನುಡಿಸುತ್ತಿದ್ದ. ಉರ್ಸುಲಾ ಕೆಂಪು ಬೀನ್ಸ್ ಬೇಯಿಸಿ ಅನ್ನದ ಮೇಲೆ ಹಾಕಿಕೊಡುತ್ತಿದ್ದಳು. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡಿದ್ದವನು ಆರ್ಸೆನ್. ಹಾಗಾಗಿ ಅವನು ಅವಳಿಗೆ ‘ಪರೇನ್’, ಅಂದರೆ ಧರ್ಮಪಿತ. ಬರುವ ಜನರ ಲೆಕ್ಕ ನೋಡಿ ಭಾನುವಾರ ಅವಳು ಎಷ್ಟು ಬೀನ್ಸ್ ನೆನೆಹಾಕುತ್ತಾಳೋ ಅದೇ ಜಾಝ್‌ನ ನಾಡಿ.

ಆ ಸೋಮವಾರ ಹಂಡೆ ತುಂಬಿತ್ತು.

“ಹತ್ತು ಪೌಂಡ್ ಹಾಕಿದೀನಿ ಪರೇನ್. ತಟ್ಟೆ ಕೂಡಿಡೋ ಡಾಕ್ಟರ ದಂಡು ಪೂರ್ತಿ ಬರುತ್ತಲ್ಲ, ಗ್ಯಾಲಪ್‌ಗೆ ಐವತ್ತು ವರ್ಷ ಅಂತ,” ಎಂದಳು ಉರ್ಸುಲಾ. “ಮುಂದಿನ ವಾರಕ್ಕೆ ಎಷ್ಟು?”

“ನನ್ನ ಎದೆಗೂಡನ್ನ ಕೇಳು.”

“ಕೇಳ್ದೆ. ಬರೀ ಸೀಟಿ ಹೊಡೀತಿದೆ.”

ಡಾಕ್ಟರ್ ಪರ್ನೆಲ್ ಟಾಲಿವರ್ ಹಲ್ಲಿನ ಡಾಕ್ಟರು, ತಟ್ಟೆ ಸಂಗ್ರಾಹಕರ ಸಂಘದ ಅಧ್ಯಕ್ಷರು. ಅವರ ಮನೆಯಲ್ಲಿ ಒಂಬತ್ತು ಸಾವಿರ ತಟ್ಟೆಗಳಿದ್ದವು. ಆ ಭಾರಕ್ಕೆ ಮನೆ ವರ್ಷಕ್ಕೊಂದು ಅಂಗುಲ ಹೂತುಹೋಗಿ, ಈಗ ಅವರು ಕಿಟಕಿಯಿಂದಲೇ ಒಳಗೆ ಹೋಗಿಬರುತ್ತಿದ್ದರು. ಕೈಗೆ ಸದಾ ಬಿಳಿ ಹತ್ತಿಯ ಗವಸು. ಜಿಡ್ಡು ತಾಗೀತೆಂದು ಹಾಲ್‌ನಲ್ಲಿ ಇಷ್ಟು ವರ್ಷ ಒಂದು ತುತ್ತೂ ತಿಂದವರಲ್ಲ. ಆರ್ಸೆನ್‌ನ ಮುಂದಿನ ಆರು ಹಲ್ಲು ಕಟ್ಟಿದವರೂ ಅವರೇ.

“ಏನಯ್ಯಾ ಆರ್ಸೆನ್, ನನ್ನ ಹಲ್ಲು ಹೇಗಿವೆ?”

“ನಿಮ್ಮ ಹಲ್ಲು ವಜ್ರ, ಡಾಕ್. ಅದರ ಹಿಂದೆ ಇರೋ ಆಸಾಮಿನೇ ಸರಿ ಇಲ್ಲ.”

ಡಾಕ್ಟರು ನಗಲಿಲ್ಲ. ದನಿ ತಗ್ಗಿಸಿದರು. “ನಮ್ಮ ಮೆಂಬರುಗಳು ಏನಂತಾರೆ ಗೊತ್ತಾ? ತಟ್ಟೇಲಿ ಚಿನ್ನದಂಥ ಆರ್ಸೆನ್ ಇರುವಾಗ ಹಾಲ್‌ನಲ್ಲಿ ಕೆಮ್ಮೋ ಆರ್ಸೆನ್ ಯಾಕೆ ಅಂತಾರೆ. ಇವತ್ತು ಗ್ಯಾಲಪ್ ತಟ್ಟೇಲಿ ಇರೋ ಹಾಗೇ ಬಂದ್ರೆ ಅವರ ಬಾಯಿ ಮುಚ್ಚಿಸ್ತೀನಿ. ಇಲ್ದಿದ್ರೆ ಮುಂದಿನ ವಾರದಿಂದ ನಾವು ಸೇರೋದು ಲೈಬ್ರರೀಲಿ. ತಟ್ಟೆ ಹಾಕ್ಕೊಂಡು ಕೇಳ್ತೀವಿ, ಅಷ್ಟೇ.”

ಆ ದಂಡು ಬರದಿದ್ದರೆ ಹಾಲ್‌ನಲ್ಲಿ ಉಳಿಯುವವರು ಐದು ಜನ. ಅದರಲ್ಲಿ ಒಬ್ಬನಿಗೆ ಕಿವಿ ಕೇಳಿಸದು. ಐದು ಜನರಿಗಾಗಿ ಸಹಾಯ ಸಂಘ ಹಾಲ್‌ನ ಬಾಗಿಲು ತೆರೆಯುವುದಿಲ್ಲ. ಸೋಮವಾರ ಸತ್ತಂತೆಯೇ.

ಡಾಕ್ಟರು ಮೊದಲು ತಮ್ಮ ಯಂತ್ರದಲ್ಲಿ ತಟ್ಟೆ ಹಾಕಿದರು. ನಲವತ್ತು ಜನ ಕಣ್ಣು ಮುಚ್ಚಿ ಸ್ವರ್ಗ ಕಂಡರು. ಆಮೇಲೆ ಆರ್ಸೆನ್ ಎದ್ದ. ಮೊದಲ ಸಾಲು ಹಾರಿಸಿದ, ಎರಡನೆಯದನ್ನು ಎಳೆದ. ಮೂರನೆಯ ಸಾಲಿನ ನಟ್ಟನಡುವೆ ಉಸಿರು ತುಂಡಾಯಿತು. ತುತ್ತೂರಿಯಿಂದ ಹೊರಟ ಸದ್ದು ತುಳಿಸಿಕೊಂಡ ಬಾತುಕೋಳಿಯದು. ಹಿಂದಿನ ಸಾಲಿನಲ್ಲಿ ಯಾರೋ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು.

ಆರ್ಸೆನ್ ತುಟಿ ಒರೆಸಿಕೊಂಡ. ಮತ್ತೆ ಓಡುವುದೆಂದರೆ ಅವನಿಗೆ ಸಾವಿಗಿಂತ ಬೇಸರ ಬಂತು. ಹಿಂದಿನ ಮೂವರಿಗೆ ಕಾಲಿನಿಂದ ತಾಳ ತೋರಿಸಿದ. ಧಪ್... ಧಪ್... ಅದೇ ಹಾಡು ಹೊರಟಿತು, ಆದರೆ ಸ್ವರ ಇಳಿದಿತ್ತು, ಹೆಜ್ಜೆ ಭಾರವಾಗಿತ್ತು. ಎಷ್ಟು ನಿಧಾನವೆಂದರೆ, ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವೆ ಒಬ್ಬ ಗಡ್ಡ ಬೋಳಿಸಿಕೊಂಡು ಬರಬಹುದಿತ್ತು.

“ನಿಲ್ಸು!” ಡಾಕ್ಟರು ಎದ್ದೇಬಿಟ್ಟರು. “ಇದು ಗ್ಯಾಲಪ್ ಅಲ್ಲ. ತಟ್ಟೇಲಿ ಹೀಗಿಲ್ಲ!”

“ತಟ್ಟೆ ಸುಳ್ಳು ಹೇಳುತ್ತೆ, ಡಾಕ್.”

ಹಂಡೆಯೊಳಗೆ ಬೀನ್ಸ್ ಮಗ್ಗುಲು ಬದಲಿಸಿದ್ದು ಹಾಲ್‌ಗೆಲ್ಲ ಕೇಳಿಸಿತು.

“ನಮ್ಮಮ್ಮ ಕಾಲುವೆ ಆಚೆ ದೊಡ್ಡ ಮನೆಗಳಲ್ಲಿ ಬಟ್ಟೆ ಒಗೀತಿದ್ಲು,” ಎಂದ ಆರ್ಸೆನ್. “ಸಂಜೆ ಊದಿದ ಕಾಲು ಎಳ್ಕೊಂಡು ಬರೋಳು. ನಾನೂ ಲಿಯಾನ್ಸೂ ಮೆಟ್ಟಿಲ ಮೇಲೆ ಕೂತು ಅವಳ ನಡಿಗೆಗೆ ತಾಳ ಹಾಕ್ತಿದ್ವಿ. ಆ ಹಾಡು ಇದು. ತಟ್ಟೇಲಿ ಜಾಗ ಇದ್ದದ್ದು ಮೂರು ನಿಮಿಷ, ಅಮ್ಮ ಮನೆ ಸೇರೋಕೆ ನಾಲ್ಕು ಬೇಕಿತ್ತು. ಅವತ್ತು ಉಳಿದಿದ್ದು ಕೊನೇ ಖಾಲಿ ತಟ್ಟೆ, ಕಂಪನಿಯವನು ಹತ್ತಬೇಕಾದ ರೈಲಿಗೆ ಹೊತ್ತಾಗಿತ್ತು. ಹಾಡು ಪೂರ್ತಿ ಹಿಡಿಸ್ಲಿ ಅಂತ ಅವನು ತಟ್ಟೆ ಕೊರೆಯೋ ಯಂತ್ರಾನ ನಿಧಾನ ಮಾಡ್ಬಿಟ್ಟ. ನಿಧಾನ ಕೊರೆದದ್ದನ್ನ ಮಾಮೂಲಿ ವೇಗದಲ್ಲಿ ಹಾಕಿದ್ರೆ ಏನಾಗುತ್ತೆ? ಅಮ್ಮ ಕುದುರೆ ಆದ್ಲು. ಗ್ಯಾಲಪ್ ಅಂತ ಹೆಸರಿಟ್ಟವನೂ ಅವನೇ.”

“ಐವತ್ತು ವರ್ಷ ಬಾಯಿ ಬಿಡಲಿಲ್ಲವಲ್ಲಯ್ಯ!”

“ಅತಿ ವೇಗದ ತುತ್ತೂರಿ ಅಂತ ಊರೆಲ್ಲ ಹೊಗಳಿತು. ಇಪ್ಪತ್ತೊಂದು ವರ್ಷದವನಿಗೆ ಅದು ಬೆಲ್ಲ. ಆಮೇಲೆ ಆ ಸುಳ್ಳನ್ನ ನಿಜ ಮಾಡೋಕೆ ಓಡ್ತಾನೇ ಇದ್ದೆ. ಸಾಕಾಯ್ತು, ಡಾಕ್.”

“ಹಾಗಾದ್ರೆ ಆ ಹೆಂಗಸು? ಅವಳ ಮೇಲೆ ನಾನು ಹನ್ನೊಂದು ಪುಟ ಬರೆದಿದೀನಿ!”

“ಹೆಂಗಸೇ ಇರಲಿಲ್ಲ.”

ಡಾಕ್ಟರ ಮುಖ ಬೇರು ಸಮೇತ ಕಿತ್ತ ದವಡೆಹಲ್ಲಿನಂತಾಯಿತು. ಅವರ ಯಂತ್ರಕ್ಕೆ ವೇಗ ಬದಲಿಸುವ ತಿರುಗಣೆ ಇತ್ತು. “ಇಲ್ಲೇ ತೋರಿಸ್ತೀನಿ, ನೀನು ಹೇಳೋದು ಸುಳ್ಳು ಅಂತ,” ಎಂದು ಮುಳ್ಳು ಇಟ್ಟು ತಿರುಗಣೆ ಹಿಂದಕ್ಕೆ ತಿರುಗಿಸಿದರು. ಕುದುರೆ ಓಟ ನಿಂತು ನಡಿಗೆಯಾಯಿತು. ಸ್ವರ ಇಳಿಯುತ್ತಾ ಬಂದು ಈಗಷ್ಟೇ ಆರ್ಸೆನ್ ಊದಿದಲ್ಲಿಗೇ ನಿಂತಿತು. ಆಮೇಲೆ ಆ ಕೂಗು ಬಂತು. ಅದು ಹತ್ತೊಂಬತ್ತು ವರ್ಷದ ಹುಡುಗನ ದಪ್ಪ, ಸೋಮಾರಿ ದನಿ:

“ತಡಿಯೋ ಆರ್ಸೆನ್, ಅಮ್ಮ ಇನ್ನೂ ಬೀದಿ ಮೂಲೇಲಿದಾಳೆ!”

ಆರ್ಸೆನ್ ಕುರ್ಚಿ ಹುಡುಕಿ ಕೂತ. ತಮ್ಮನ ದನಿ ಹೇಗಿತ್ತೆಂಬುದೇ ಅವನಿಗೆ ಮರೆತುಹೋಗಿತ್ತು. ಆಮೇಲೆ ಕೂತಲ್ಲಿಂದಲೇ ತುತ್ತೂರಿ ಎತ್ತಿ, ತಟ್ಟೆಯ ಜೊತೆ ಕೊನೆಯವರೆಗೂ ಊದಿದ, ಅಮ್ಮ ಮನೆ ಸೇರುವ ತನಕ. ಉಸಿರು ಸಾಕಾಯಿತು. ಸ್ವಲ್ಪ ಉಳಿಯಿತು ಕೂಡ.

ಅಷ್ಟರೊಳಗೆ ಬಾಗಿಲು ಹದಿನೈದು ಸಲವಾದರೂ ಕಿರ್ರೆಂದಿತ್ತು. ಗ್ಯಾಲಪ್‌ಗೆಂದು ಬಂದವರು ಗ್ಯಾಲಪ್ ಇಲ್ಲವೆಂದು ಹೊರಟುಹೋಗಿದ್ದರು. ಮೊದಲಿನ ಐವರ ಜೊತೆ ಉಳಿದದ್ದು ಒಂಬತ್ತೋ ಹತ್ತೋ ಜನ.

ಡಾಕ್ಟರು ಮುಳ್ಳು ಎತ್ತಿಟ್ಟರು. ಗವಸು ಕಳಚಿ ಜೇಬಿಗೆ ತುರುಕಿದರು.

“ಉರ್ಸುಲಾ, ನನಗೂ ಒಂದು ತಟ್ಟೆ ಹಾಕಮ್ಮ. ತಿನ್ನೋ ತಟ್ಟೆ.”

ಅವರು ತಿಂದ ರಭಸ ನೋಡಬೇಕಿತ್ತು; ಹಂಡೆ ತಾನಾಗಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಉರ್ಸುಲಾ ಸೌಟು ಹಿಡಿದು ಕೇಳಿದಳು, “ಮುಂದಿನ ವಾರಕ್ಕೆ ಎಷ್ಟು ಪೌಂಡ್ ನೆನೆಹಾಕ್ಲಿ ಪರೇನ್?”

ಆರ್ಸೆನ್ ಕಣ್ಣಲ್ಲೇ ತಲೆ ಎಣಿಸಿ, ಎರಡು ಬೆರಳು ತೋರಿಸಿದ.

“ಮೂರು ಹಾಕು,” ಎಂದರು ಡಾಕ್ಟರು, ಬಾಯಿ ತುಂಬ ಅನ್ನ ಇಟ್ಟುಕೊಂಡು.